ಬೆಳೆಸುವುದು, ಹಂಚುವುದು: ಮುಗಿಯದ ಒಂದು ವಾದದ ಸಮೀಕ್ಷೆ

1918ರ ಕೊನೆಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಮೈಸೂರಿನ ದಿವಾನಗಿರಿ ಬಿಟ್ಟರು. ಅವರ ಆರು ವರ್ಷಗಳ ಅವಧಿಯಲ್ಲಿ ಮೈಸೂರು ಬ್ಯಾಂಕು (1913), ಮೈಸೂರು ವಿಶ್ವವಿದ್ಯಾಲಯ (1916) ಹುಟ್ಟಿದ್ದವು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಯೋಜನೆ ಕೈಗೂಡುತ್ತಿತ್ತು. ಅದೇ ವರ್ಷ ನಾಲ್ವಡಿ ಕೃಷ್ಣರಾಜ ಒಡೆಯರು ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ನೇಮಿಸಿದ್ದರು. ಸರ್ಕಾರಿ ನೌಕರಿಯಲ್ಲಿ ಬ್ರಾಹ್ಮಣೇತರರಿಗೆ ನ್ಯಾಯವಾದ ಪಾಲು ಸಿಗಬೇಕಾದರೆ ಏನು ಮಾಡಬೇಕು ಎಂಬುದು ಸಮಿತಿಯ ಮುಂದಿದ್ದ ಪ್ರಶ್ನೆ. ಹೀಗೆ ಪಾಲು ಗೊತ್ತುಮಾಡಿದರೆ ಆಡಳಿತದ ದಕ್ಷತೆ ಕುಗ್ಗುತ್ತದೆ, ಮೊದಲು ವಿದ್ಯೆ ಹರಡಲಿ ಎಂಬುದು ದಿವಾನರ ನಿಲುವು. ವಿದ್ಯೆ ಹರಡುವವರೆಗೆ ಕಾಯುತ್ತ ಕೂತರೆ ತಲೆಮಾರುಗಳೇ ಕಳೆದುಹೋಗುತ್ತವೆ ಎಂಬುದು ಬ್ರಾಹ್ಮಣೇತರರ ಸಂಘಟನೆಯಾದ ಪ್ರಜಾಮಿತ್ರ ಮಂಡಳಿಯವರ ಉತ್ತರ. ಈ ಭಿನ್ನಾಭಿಪ್ರಾಯವೇ ದಿವಾನರ ರಾಜೀನಾಮೆಗೆ ಮುಖ್ಯ ಕಾರಣ ಎನ್ನುವ ಇತಿಹಾಸಕಾರರು ಬಹಳ ಮಂದಿ.

ದೇಶದ ದುಡಿಮೆಯ ಫಲವನ್ನು ಹೆಚ್ಚಿಸುವುದು ಹೇಗೆ, ಹೆಚ್ಚಿದ್ದನ್ನು ನ್ಯಾಯವಾಗಿ ಹಂಚುವುದು ಹೇಗೆ ಎಂಬ ಪ್ರಶ್ನೆಗೆ ಭಾರತದಲ್ಲಿ ಕನಿಷ್ಠ ನೂರು ವರ್ಷದ ಚರಿತ್ರೆಯಿದೆ. ಈ ಅವಧಿಯಲ್ಲಿ ಪಕ್ಷಗಳು ಬದಲಾದವು, ಪದಗಳು ಬದಲಾದವು. ವಾದದ ಎಳೆಗಳು ಮಾತ್ರ ಬಹುಮಟ್ಟಿಗೆ ಅವೇ ಉಳಿದಿವೆ. ಯಾವ ವಾದ ಏನನ್ನು ವಿವರಿಸುತ್ತದೆ, ಎಲ್ಲಿ ಸೋಲುತ್ತದೆ ಎಂದು ಒಂದೊಂದಾಗಿ ನೋಡುವುದು ಈ ಲೇಖನದ ಉದ್ದೇಶ.

ಪ್ರಶ್ನೆ ಏನು?

ಉತ್ಪಾದಕತೆ ಎಂದರೆ ಒಬ್ಬ ಮನುಷ್ಯ ಒಂದು ಗಂಟೆ ದುಡಿದರೆ ಎಷ್ಟು ಮೌಲ್ಯ ಹುಟ್ಟುತ್ತದೆ ಎಂಬ ಲೆಕ್ಕ. ಭಾರತದಲ್ಲಿ ಈ ಲೆಕ್ಕದ ದೊಡ್ಡ ಗಂಟು ಕೃಷಿಯಲ್ಲಿದೆ. 2023-24ರ ಕಾರ್ಮಿಕ ಶಕ್ತಿ ಸಮೀಕ್ಷೆಯ (ಪಿಎಲ್‌ಎಫ್‌ಎಸ್) ಪ್ರಕಾರ ದುಡಿಯುವವರಲ್ಲಿ ಶೇ 46.1ರಷ್ಟು ಜನ ಕೃಷಿ ಮತ್ತು ಅದರ ಪೂರಕ ಕಸುಬುಗಳಲ್ಲಿದ್ದಾರೆ. ದೇಶದ ಒಟ್ಟು ಉತ್ಪನ್ನದಲ್ಲಿ ಅವರ ಪಾಲು ಐದನೇ ಒಂದು ಭಾಗಕ್ಕಿಂತಲೂ ಕಡಿಮೆ. ಅಂದರೆ ಹೊಲದಲ್ಲಿ ದುಡಿಯುವವನ ತಲಾ ಉತ್ಪನ್ನ ಉಳಿದ ಕಸುಬುಗಳಲ್ಲಿರುವವರ ಕಾಲು ಭಾಗದ ಆಸುಪಾಸಿನಲ್ಲಿದೆ. 2018-19ರಲ್ಲಿ ದುಡಿಯುವವರಲ್ಲಿ ಕೃಷಿಯ ಪಾಲು ಶೇ 42.5 ಇತ್ತು. ಕೋವಿಡ್ ಕಾಲದಲ್ಲಿ ಊರಿಗೆ ಮರಳಿದ ಹಲವರು ಮತ್ತೆ ಪೇಟೆಗೆ ಬರಲಿಲ್ಲ. ಬೆಳೆಯುತ್ತಿರುವ ದೇಶದಲ್ಲಿ ಜನ ಹೊಲದಿಂದ ಕಾರ್ಖಾನೆಗೆ ಹೋಗಬೇಕು ಎನ್ನುತ್ತದೆ ಅರ್ಥಶಾಸ್ತ್ರದ ಪಠ್ಯ. ಇಲ್ಲಿ ಕೆಲಕಾಲ ಉಲ್ಟಾ ಆಯಿತು.

ಹಂಚಿಕೆಯ ಕಡೆ ಬಂದರೆ, ಡ್ಯಾನಿ ರಾಡ್ರಿಕ್ ಮತ್ತು ಸ್ಟೆಫಾನಿ ಸ್ಟಾಂಚೇವಾ ಎಂಬ ಅರ್ಥಶಾಸ್ತ್ರಜ್ಞರು ಒಂದು ಉಪಯುಕ್ತ ವಿಂಗಡಣೆ ಮಾಡಿದ್ದಾರೆ. ಸರ್ಕಾರ ಮೂರು ಘಟ್ಟಗಳಲ್ಲಿ ಹಂಚಬಹುದು. ಉತ್ಪಾದನೆಗೆ ಮುಂಚೆ: ಭೂಮಿ, ಶಾಲೆ, ಆರೋಗ್ಯ. ಉತ್ಪಾದನೆಯ ಹೊತ್ತಿನಲ್ಲಿ: ಕನಿಷ್ಠ ವೇತನ, ಕಾರ್ಮಿಕ ಸಂಘ, ಸಾಲ, ಉದ್ಯಮ ನೀತಿ. ಉತ್ಪಾದನೆಯ ನಂತರ: ತೆರಿಗೆ, ಪಡಿತರ, ಖಾತೆಗೆ ಬರುವ ಹಣ. ಇಲ್ಲಿನ ಚರ್ಚೆಯಲ್ಲಿ ಈ ಮೂರನ್ನೂ ಒಂದೇ ಬುಟ್ಟಿಗೆ ಹಾಕಿ ‘ಬೆಳವಣಿಗೆಯೋ, ಕಲ್ಯಾಣವೋ’ ಎಂದು ಕೇಳುವುದು ರೂಢಿ. ಆ ರೂಢಿಯೇ ಅರ್ಧ ಗೊಂದಲಕ್ಕೆ ಕಾರಣ. ಭಾರತದ ನೀತಿ ಮೊದಲೆರಡು ಘಟ್ಟಗಳಿಂದ ಮೆಲ್ಲಗೆ ಸರಿದು ಮೂರನೆಯದಕ್ಕೆ ಬಂದು ನಿಂತಿದೆ ಎಂಬುದು ಈ ಚರಿತ್ರೆಯನ್ನು ಹಿಂದಿನಿಂದ ಓದಿದರೆ ಕಾಣುವ ಸಂಗತಿ.

ಯೋಜನೆಯ ಕಾಲ

ನಿವೃತ್ತಿಯ ನಂತರವೂ ವಿಶ್ವೇಶ್ವರಯ್ಯ ಸುಮ್ಮನೆ ಕೂರಲಿಲ್ಲ. 1934ರಲ್ಲಿ ಪ್ರಕಟವಾದ ಅವರ ‘ಪ್ಲಾನ್ಡ್ ಎಕಾನಮಿ ಫಾರ್ ಇಂಡಿಯಾ’ ಇಡೀ ದೇಶಕ್ಕೆ ಯೋಜಿತ ಅರ್ಥವ್ಯವಸ್ಥೆ ಬೇಕೆಂದು ಹೇಳಿದ ಮೊದಲ ಪುಸ್ತಕಗಳಲ್ಲೊಂದು. ಜನರನ್ನು ಕೃಷಿಯಿಂದ ಕೈಗಾರಿಕೆಗೆ ಸಾಗಿಸಬೇಕು ಎಂಬುದು ಅದರ ತಿರುಳು. ಹತ್ತು ವರ್ಷದ ಮೇಲೆ, 1944ರಲ್ಲಿ, ಟಾಟಾ, ಬಿರ್ಲಾ ಮೊದಲಾದ ಉದ್ಯಮಿಗಳೇ ಮುಂದಿಟ್ಟ ‘ಬಾಂಬೆ ಯೋಜನೆ’ಯೂ ಸರ್ಕಾರದ ಕೈ ದೊಡ್ಡದಿರಬೇಕೆಂದಿತು.

ಎರಡನೇ ಪಂಚವಾರ್ಷಿಕ ಯೋಜನೆಯ (1956-61) ಹೊತ್ತಿಗೆ ಪಿ.ಸಿ. ಮಹಲನೋಬಿಸ್ ಅವರ ಮಾದರಿ ಗೆದ್ದಿತು: ಮೊದಲು ಉಕ್ಕು, ಯಂತ್ರ, ವಿದ್ಯುತ್; ಬಟ್ಟೆಬರೆಯಂಥ ದಿನಬಳಕೆಯ ವಸ್ತುಗಳು ಗುಡಿ ಕೈಗಾರಿಕೆಗೆ. ಇದನ್ನು ವಿರೋಧಿಸಿದವರಲ್ಲಿ ಇಬ್ಬರು ನಮ್ಮ ನೆಲದ ನಂಟಿನವರು ಎಂಬುದನ್ನು ಕನ್ನಡ ಓದುಗರು ಅಷ್ಟಾಗಿ ನೆನೆಯುವುದಿಲ್ಲ. ಮಂಗಳೂರು ಸೀಮೆಯ ಬಿ.ಆರ್. ಶೆಣೈ 1955ರಲ್ಲಿ, ಅರ್ಥಶಾಸ್ತ್ರಜ್ಞರ ಸಮಿತಿಯಲ್ಲಿದ್ದುಕೊಂಡೇ, ಭಿನ್ನಮತದ ಟಿಪ್ಪಣಿ ಬರೆದರು. ಉಳಿತಾಯಕ್ಕೆ ಮೀರಿದ ಯೋಜನೆಗೆ ನೋಟು ಅಚ್ಚು ಹಾಕಿ ಹಣ ಹೊಂದಿಸಿದರೆ ಬೆಲೆ ಏರುತ್ತದೆ, ನಿಯಂತ್ರಣಗಳು ಒಂದರ ಮೇಲೊಂದು ಬರುತ್ತವೆ ಎಂಬುದು ಅವರ ಎಚ್ಚರಿಕೆ. ಪಿ.ಆರ್. ಬ್ರಹ್ಮಾನಂದ ಅವರು ಸಿ.ಎನ್. ವಕೀಲ್ ಜೊತೆ ಸೇರಿ 1956ರಲ್ಲಿ ಮಂಡಿಸಿದ ವಾದ ಬೇರೆ ದಿಕ್ಕಿನದು. ಕೂಲಿಕಾರ ತನ್ನ ಕೂಲಿಯಲ್ಲಿ ಕೊಳ್ಳುವುದು ಧಾನ್ಯ, ಬಟ್ಟೆ, ಎಣ್ಣೆ. ಅವುಗಳ ಉತ್ಪಾದನೆ ಹೆಚ್ಚದೆ ಹೊಸ ಕೆಲಸ ಸೃಷ್ಟಿಸಿದರೆ ಕೂಲಿಯ ಹಣ ಬೆಲೆ ಏರಿಕೆಯಲ್ಲಿ ಕರಗುತ್ತದೆ. ಹಾಗಾಗಿ ಉದ್ಯೋಗದ ದಾರಿ ಹೊಲದಿಂದಲೇ ಶುರುವಾಗಬೇಕು ಎಂದರು. 1960ರ ದಶಕದ ನಡುವೆ ಬರ ಬಂದು, ಅಮೆರಿಕದ ಗೋಧಿಗೆ ದೇಶ ಕೈಯೊಡ್ಡಿದಾಗ ಈ ಮಾತಿನ ತೂಕ ತಿಳಿಯಿತು.

1950ರಿಂದ 1980ರವರೆಗೆ ಜಿಡಿಪಿ ವರ್ಷಕ್ಕೆ ಸುಮಾರು ಶೇ 3.5ರಂತೆ ಬೆಳೆಯಿತು. ರಾಜ್ ಕೃಷ್ಣ ಇದಕ್ಕೆ ‘ಹಿಂದೂ ಬೆಳವಣಿಗೆ ದರ’ ಎಂದು ವ್ಯಂಗ್ಯವಾಗಿ ಹೆಸರಿಟ್ಟರು. ಜನಸಂಖ್ಯೆಯ ಏರಿಕೆ ಕಳೆದರೆ ತಲಾ ಆದಾಯದ ಹೆಚ್ಚಳ ಶೇ 1.5ರೊಳಗೇ ನಿಲ್ಲುತ್ತಿತ್ತು. ಹಂಚಲು ಹೆಚ್ಚೇನೂ ಇರಲಿಲ್ಲ. ಇದ್ದದ್ದೂ ಸರಿಯಾಗಿ ಹಂಚಿಕೆಯಾಗಲಿಲ್ಲ ಎಂಬುದನ್ನು ದಾಂಡೇಕರ್ ಮತ್ತು ರಥ್ 1971ರ ತಮ್ಮ ಬಡತನದ ಅಧ್ಯಯನದಲ್ಲಿ ತೋರಿಸಿದರು.

ಈ ಕಾಲದಲ್ಲಿ ಹಂಚಿಕೆಯ ದೊಡ್ಡ ಹೆಜ್ಜೆ ಇಟ್ಟ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ದೇವರಾಜ ಅರಸು ಸರ್ಕಾರದ ಭೂ ಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿದಾರ ಫಾರಂ ನಂ. 7 ತುಂಬಿ ‘ಡಿಕ್ಲರೇಶನ್’ ಕೊಟ್ಟರೆ ತಾಲ್ಲೂಕಿನ ಭೂ ನ್ಯಾಯಮಂಡಳಿ ವಿಚಾರಣೆ ನಡೆಸಿ ತೀರ್ಪು ಕೊಡುತ್ತಿತ್ತು. ಅಲ್ಲಿ ವಕೀಲರಿಗೆ ಪ್ರವೇಶವಿರಲಿಲ್ಲ. ಧಣಿಯ ಎದುರು ನಿಂತು ‘ಈ ಗದ್ದೆ ಉಳುವವನು ನಾನು’ ಎಂದು ಒಕ್ಕಲು ತನ್ನ ಬಾಯಿಯಿಂದಲೇ ಹೇಳಬೇಕಿತ್ತು. ದಕ್ಷಿಣ ಕನ್ನಡ, ಉತ್ತರ ಕನ್ನಡ, ಶಿವಮೊಗ್ಗ ಕಡೆ ಚಾಲಗೇಣಿಯ ಒಕ್ಕಲುಗಳು ಇದರಿಂದ ಜಮೀನಿನ ಒಡೆಯರಾದರು. ಗೇಣಿ ಪದ್ಧತಿ ಅಷ್ಟಾಗಿ ಇರದ ಒಣ ಜಿಲ್ಲೆಗಳಲ್ಲಿ ಫಲ ಕಡಿಮೆ. ಭೂಮಿಯೇ ಇಲ್ಲದ ಕೂಲಿಗಳಿಗಂತೂ ತೀರ ಕಡಿಮೆ.

ಇದರಿಂದ ಉತ್ಪಾದಕತೆಗೆ ಏನಾಯಿತು? ಪಶ್ಚಿಮ ಬಂಗಾಳದ ‘ಆಪರೇಷನ್ ಬರ್ಗಾ’ ಕುರಿತು ಅಭಿಜಿತ್ ಬ್ಯಾನರ್ಜಿ, ಪಾಲ್ ಗೆರ್ಟ್ಲರ್, ಮೈತ್ರೀಶ್ ಘಟಕ್ ಮಾಡಿದ ಅಧ್ಯಯನ ಇಲ್ಲಿ ಮುಖ್ಯ. ಗೇಣಿದಾರನಿಗೆ ಭದ್ರತೆ ಸಿಕ್ಕಿದ ಮೇಲೆ ಇಳುವರಿ ಏರಿತು ಎಂಬುದು ಅವರ ನಿರ್ಣಯ. ಹಂಚಿಕೆ ಬೆಳವಣಿಗೆಯನ್ನು ತಿನ್ನುತ್ತದೆ ಎಂಬ ಸಾಮಾನ್ಯ ನಂಬಿಕೆಗೆ ಇದು ನೇರ ಪೆಟ್ಟು.

ಮೊದಲ ವಾದ: ಕಟ್ಟುಗಳನ್ನು ಬಿಚ್ಚಿ

1991ರ ಬೇಸಿಗೆಯಲ್ಲಿ ದೇಶದ ಬಳಿ ಇದ್ದ ಡಾಲರು ಕೆಲವೇ ವಾರಗಳ ಆಮದಿಗೆ ಸಾಕಾಗುವಷ್ಟು. ಜುಲೈನಲ್ಲಿ ರಿಸರ್ವ್ ಬ್ಯಾಂಕಿನ ಸುಮಾರು 47 ಟನ್ ಚಿನ್ನ ಲಂಡನ್ನಿಗೆ ಅಡವಿಗೆ ಹೋಯಿತು, ರೂಪಾಯಿಯ ಮೌಲ್ಯ ಎರಡು ಸಲ ಇಳಿಯಿತು. ಜುಲೈ 24ರಂದು, ಮನಮೋಹನ್ ಸಿಂಗ್ ಬಜೆಟ್ ಮಂಡಿಸಿದ ದಿನವೇ, ಹೊಸ ಕೈಗಾರಿಕಾ ನೀತಿ ಪ್ರಕಟವಾಗಿ 18 ಉದ್ಯಮಗಳ ಹೊರತು ಉಳಿದವಕ್ಕೆ ಲೈಸೆನ್ಸ್ ಬೇಡವೆಂದಾಯಿತು.

ಜಗದೀಶ್ ಭಗವತಿ, ಅರವಿಂದ್ ಪನಗರಿಯ ಈ ಪಂಥದ ಮುಂದಾಳುಗಳು. ಅಡುಗೆ ಆಗದೆ ಬಡಿಸುವುದೆಲ್ಲಿಂದ ಎಂಬುದು ಅವರ ತರ್ಕದ ಸಾರ. ಬೆಳವಣಿಗೆ ತಾನೇ ಬಡವರನ್ನು ಕೆಲಸಕ್ಕೆ ಎಳೆಯುತ್ತದೆ, ಜೊತೆಗೆ ಕಲ್ಯಾಣಕ್ಕೆ ಬೇಕಾದ ತೆರಿಗೆಯನ್ನೂ ತರುತ್ತದೆ. ಆದರೆ 1991 ಪದಾರ್ಥಗಳ ಮಾರುಕಟ್ಟೆಯನ್ನಷ್ಟೇ ಬಿಡಿಸಿತು. ಭೂಮಿ, ಕಾರ್ಮಿಕ, ಬಂಡವಾಳದ ಮಾರುಕಟ್ಟೆಗಳು ಹಾಗೇ ಉಳಿದವು ಎನ್ನುತ್ತಾರೆ ಇವರು. ಚಾಂಗ್-ತಾಯ್ ಶೇ ಮತ್ತು ಪೀಟರ್ ಕ್ಲೆನೋ 2009ರಲ್ಲಿ ಹಾಕಿದ ಲೆಕ್ಕ ಇವರಿಗೆ ಬಲ ಕೊಟ್ಟಿತು. ಬಂಡವಾಳ ಮತ್ತು ದುಡಿಮೆ ಅಮೆರಿಕದಲ್ಲಿರುವಷ್ಟು ಸಮರ್ಪಕವಾಗಿ ಘಟಕಗಳ ನಡುವೆ ಹಂಚಿಕೆಯಾದರೆ ಭಾರತದ ತಯಾರಿಕೆಯ ಉತ್ಪಾದಕತೆ ಶೇ 40ರಿಂದ 60ರಷ್ಟು ಏರುತ್ತದೆ ಎಂದು ಅವರು ಅಂದಾಜಿಸಿದರು.

ಸಣ್ಣ ಕೈಗಾರಿಕೆಗಳ ಮೀಸಲು ಪಟ್ಟಿ ಈ ವಾದಕ್ಕೆ ಒಳ್ಳೆಯ ಪರೀಕ್ಷೆ. ಒಂದು ಕಾಲಕ್ಕೆ ಅದರಲ್ಲಿ 800ಕ್ಕೂ ಹೆಚ್ಚು ವಸ್ತುಗಳಿದ್ದವು. ಸಿದ್ಧ ಉಡುಪೂ ಅದರಲ್ಲಿತ್ತು. ಹಾಗಾಗಿ ಬಾಂಗ್ಲಾದೇಶದಲ್ಲಿ ಸಾವಿರಾರು ಹೊಲಿಗೆ ಯಂತ್ರಗಳ ಕಾರ್ಖಾನೆ ಏಳುತ್ತಿದ್ದಾಗ ಇಲ್ಲಿ ಸಣ್ಣ ಶೆಡ್ಡುಗಳೇ ಗತಿಯಾಗಿದ್ದವು. ಕೊನೆಗೆ ಉಳಿದ 20 ವಸ್ತುಗಳನ್ನು ಕೈಬಿಟ್ಟದ್ದು 2015ರಲ್ಲಿ: ಉಪ್ಪಿನಕಾಯಿ, ಬ್ರೆಡ್ಡು, ಅಗರಬತ್ತಿ, ಗಾಜಿನ ಬಳೆ, ಬೀಗ ಇತ್ಯಾದಿ. ಮೀಸಲು ತೆಗೆದ ವಸ್ತುಗಳು ಹೆಚ್ಚಿದ್ದ ಜಿಲ್ಲೆಗಳಲ್ಲಿ ಉದ್ಯೋಗ ಹೆಚ್ಚು ಬೆಳೆಯಿತು ಎಂದು ಲೆಸ್ಲಿ ಮಾರ್ಟಿನ್, ಶಾಂತಿ ನಟರಾಜ್, ಆನ್ ಹ್ಯಾರಿಸನ್ ಅವರ ಅಧ್ಯಯನ ತೋರಿಸಿದೆ. ಸಣ್ಣವರನ್ನು ಕಾಯಲೆಂದು ಹಾಕಿದ ಬೇಲಿ ದುಡಿಯುವವರ ದಾರಿಯನ್ನೇ ಕಟ್ಟಿತ್ತು.

ಕಾರ್ಮಿಕ ಕಾನೂನಿನ ವಿಷಯ ಇಷ್ಟು ಸಲೀಸಲ್ಲ. 100 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಕಾರ್ಖಾನೆ ಕೆಲಸಗಾರರನ್ನು ತೆಗೆಯಲು ಸರ್ಕಾರದ ಅನುಮತಿ ಬೇಕೆಂಬ ನಿಯಮವೇ ತಯಾರಿಕೆಯನ್ನು ಕುಂಠಿತಗೊಳಿಸಿತು ಎಂಬುದು ಜನಪ್ರಿಯ ವಾದ. ಟಿಮ್ ಬೆಸ್ಲಿ, ರಾಬಿನ್ ಬರ್ಜೆಸ್ ಅವರ 2004ರ ಪ್ರಬಂಧ, ಕಾರ್ಮಿಕರ ಪರ ತಿದ್ದುಪಡಿ ತಂದ ರಾಜ್ಯಗಳು ಹಿಂದೆ ಬಿದ್ದವು ಎಂದಿತು. ರಾಜ್ಯಗಳ ತಿದ್ದುಪಡಿಗಳನ್ನು ಅವರು ವರ್ಗೀಕರಿಸಿದ ಕ್ರಮವೇ ಸರಿಯಿಲ್ಲ ಎಂದು ಆದಿತ್ಯ ಭಟ್ಟಾಚಾರ್ಜಿಯವರು ಒಂದೊಂದೇ ಉದಾಹರಣೆ ಎತ್ತಿ ತೋರಿಸಿದರು. ಕಾನೂನು ಪುಸ್ತಕದಲ್ಲಿ ಏನೇ ಇರಲಿ, ಕಾರ್ಖಾನೆಗಳು ಗುತ್ತಿಗೆ ಕಾರ್ಮಿಕರನ್ನಿಟ್ಟುಕೊಂಡು ಅದನ್ನು ದಾಟಿ ಬಹಳ ಕಾಲವಾಗಿತ್ತು. ಈಗ ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಯಲ್ಲಿವೆ, ಅನುಮತಿಯ ಮಿತಿ 300ಕ್ಕೆ ಏರಿದೆ. ಹಳೆಯ ಮಿತಿಯೇ ಅಡ್ಡಿಯಾಗಿತ್ತೋ ಇಲ್ಲವೋ ಎಂಬುದು ಇನ್ನು ಮುಂದೆ ತಿಳಿಯಬೇಕು.

ಎರಡನೆಯ ವಾದ: ಮೊದಲು ಮನುಷ್ಯರು

ಅಮರ್ತ್ಯ ಸೇನ್ ಮತ್ತು ಜಾನ್ ಡ್ರೇಜ್ ಅವರ ನಿಲುವು ಬೆಳವಣಿಗೆಗೆ ವಿರೋಧಿ ಎಂದು ಬಿಂಬಿಸುವುದುಂಟು, ಅದು ಸರಿಯಲ್ಲ. ಜಪಾನ್, ದಕ್ಷಿಣ ಕೊರಿಯಾ, ಚೀನಾ ಎಲ್ಲವೂ ಮೊದಲು ಅಕ್ಷರ, ಆರೋಗ್ಯಕ್ಕೆ ಹಣ ಹಾಕಿ ಆಮೇಲೆ ವೇಗ ಹಿಡಿದವು, ಭಾರತ ಆ ಮೆಟ್ಟಿಲನ್ನು ಹಾರಿ ಮೇಲೇರಲು ನೋಡಿತು ಎಂಬುದು ಅವರ ವಾದ. ಕೇರಳ, ತಮಿಳುನಾಡು, ಹಿಮಾಚಲ ಪ್ರದೇಶಗಳು ಅವರ ಸಾಕ್ಷಿಗಳು. ಈ ರಾಜ್ಯಗಳು ಶಾಲೆ, ಆಸ್ಪತ್ರೆ, ಬಿಸಿಯೂಟಕ್ಕೆ ಖರ್ಚು ಮಾಡಿ ಬಡವಾಗಲಿಲ್ಲ. ಇಂದು ತಲಾ ಆದಾಯದಲ್ಲಿ ರಾಷ್ಟ್ರೀಯ ಸರಾಸರಿಗಿಂತ ಮೇಲಿವೆ.

ಈ ವಾದ ಚೆನ್ನಾಗಿ ವಿವರಿಸುವ ಒಂದು ಸಂಗತಿಯೆಂದರೆ ಹೆಣ್ಣುಮಕ್ಕಳ ದುಡಿಮೆ. ಪಿಎಲ್‌ಎಫ್‌ಎಸ್ ಪ್ರಕಾರ 15 ವರ್ಷ ಮೇಲ್ಪಟ್ಟ ಮಹಿಳೆಯರಲ್ಲಿ ದುಡಿಮೆಯಲ್ಲಿ ತೊಡಗಿದವರು ಅಥವಾ ಕೆಲಸ ಹುಡುಕುತ್ತಿರುವವರು 2017-18ರಲ್ಲಿ ಶೇ 23.3 ಇದ್ದದ್ದು 2023-24ಕ್ಕೆ ಶೇ 41.7ಕ್ಕೆ ಏರಿತು. ನೋಡಲು ದೊಡ್ಡ ಜಿಗಿತ. ಒಳಗೆ ಇಣುಕಿದರೆ ಈ ಏರಿಕೆಯ ಬಹುಪಾಲು ಸ್ವಂತ ದುಡಿಮೆ ಮತ್ತು ಮನೆಯ ಹೊಲ, ಅಂಗಡಿಯಲ್ಲಿ ಸಂಬಳವಿಲ್ಲದೆ ಕೈಜೋಡಿಸುವವರದು. ಸಂಬಳದ ಕೆಲಸ ಸಿಕ್ಕವರು ಕಡಿಮೆ. ಮನುಷ್ಯರ ಮೇಲಿನ ಹೂಡಿಕೆ ಸಾಲದಿದ್ದರೆ ಹೀಗಾಗುತ್ತದೆ ಎನ್ನುತ್ತದೆ ಈ ವಾದ.

ಈ ಪಂಥದ ದುರ್ಬಲ ಕೊಂಡಿ ಬೇರೆಡೆ ಇದೆ. ಶಾಲೆಗೆ ಹೋದವರಿಗೆಲ್ಲ ಕೆಲಸ ಎಲ್ಲಿಂದ ಬರುತ್ತದೆ ಎಂಬುದಕ್ಕೆ ಇದರಲ್ಲಿ ಸ್ಪಷ್ಟ ಉತ್ತರವಿಲ್ಲ. ಕೇರಳದ ಓದಿದ ಯುವಕರು ಕೊಲ್ಲಿ ದೇಶಗಳಿಗೆ ಹೋದದ್ದು, ಪದವೀಧರರಲ್ಲೇ ನಿರುದ್ಯೋಗ ಹೆಚ್ಚಿರುವುದು ಈ ಕೊರತೆಯನ್ನು ತೋರಿಸುತ್ತವೆ.

ಮೂರನೆಯ ವಾದ: ಕಾರ್ಖಾನೆಯೋ, ಕಂಪ್ಯೂಟರೋ?

ಕೆಲಸದ ಪ್ರಶ್ನೆ ಎತ್ತಿದ ಕೂಡಲೇ ಸರ್ಕಾರ ಯಾವ ಉದ್ಯಮದ ಕೈಹಿಡಿಯಬೇಕು ಎಂಬ ವಾದ ಶುರುವಾಗುತ್ತದೆ. 2011ರ ರಾಷ್ಟ್ರೀಯ ತಯಾರಿಕಾ ನೀತಿ ಜಿಡಿಪಿಯಲ್ಲಿ ತಯಾರಿಕೆಯ ಪಾಲನ್ನು 2022ರೊಳಗೆ ಶೇ 25ಕ್ಕೆ ಏರಿಸುವ ಗುರಿ ಇಟ್ಟಿತು. 2014ರ ಮೇಕ್ ಇನ್ ಇಂಡಿಯಾ ಅದನ್ನೇ ಮುಂದುವರಿಸಿತು. ಪಾಲು ಶೇ 17ರ ಆಸುಪಾಸಿನಿಂದ ಕದಲಲಿಲ್ಲ. 2020ರಲ್ಲಿ ಬಂದ ಉತ್ಪಾದನೆ ಆಧಾರಿತ ಪ್ರೋತ್ಸಾಹಧನ (ಪಿಎಲ್‌ಐ) ಯೋಜನೆ 14 ವಲಯಗಳಿಗೆ ಸುಮಾರು 1.97 ಲಕ್ಷ ಕೋಟಿ ರೂಪಾಯಿ ತೆಗೆದಿರಿಸಿತು. ಮೊಬೈಲ್ ಫೋನ್ ರಫ್ತು ಏರಿದ್ದು ಅದರ ಗೆಲುವು. ಬಿಡಿಭಾಗಗಳ ಆಮದೂ ಜೊತೆಗೇ ಏರಿದ್ದರಿಂದ ಇಲ್ಲಿ ನಿಜಕ್ಕೂ ಎಷ್ಟು ಮೌಲ್ಯ ಸೇರುತ್ತಿದೆ ಎಂಬುದು ವಿಮರ್ಶಕರ ಪ್ರಶ್ನೆ. ರಘುರಾಮ್ ರಾಜನ್ ಮತ್ತು ರೋಹಿತ್ ಲಾಂಬಾ ತಮ್ಮ 2023ರ ಪುಸ್ತಕದಲ್ಲಿ ಚೀನಾದ ದಾರಿ ಈಗ ಮುಚ್ಚಿದೆ, ಭಾರತ ಸೇವೆ ಮತ್ತು ವಿನ್ಯಾಸಗಳ ಮೇಲೆ ಪಣ ಒಡ್ಡಬೇಕು ಎಂದರು.

ಸೇವಾ ವಲಯದ ದಾರಿಗೆ ಬೆಂಗಳೂರಿಗಿಂತ ದೊಡ್ಡ ಸಾಕ್ಷಿ ಇಲ್ಲ. ಆದರೆ ಅದು ಮಾರುಕಟ್ಟೆಯೊಂದರಿಂದಲೇ ಎದ್ದ ಊರಲ್ಲ. ಭಾರತೀಯ ವಿಜ್ಞಾನ ಸಂಸ್ಥೆ, ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್‌ಗಳು ಕಟ್ಟಿದ ಕೌಶಲದ ನೆಲೆಯ ಮೇಲೆ 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂದು ಇಳಿಯಿತು. ಯೋಜನೆಯ ಕಾಲದ ಹೂಡಿಕೆಗೆ ಬಡ್ಡಿ ಬಂದದ್ದು ಉದಾರೀಕರಣದ ಕಾಲದಲ್ಲಿ. ಉದಾರೀಕರಣಕ್ಕೂ ಮುಂಚೆ, 1980ರ ದಶಕದಲ್ಲೇ ಬೆಳವಣಿಗೆ ವೇಗ ಪಡೆದಿತ್ತು ಎಂದು ರಾಡ್ರಿಕ್ ಮತ್ತು ಅರವಿಂದ್ ಸುಬ್ರಮಣಿಯನ್ ವಾದಿಸಿದರೆ, ಅದು ಸಾಲದ ಮೇಲೆ ನಿಂತ, ಬಾಳಿಕೆ ಬಾರದ ವೇಗ ಎಂದು ಪನಗರಿಯ ಉತ್ತರಿಸಿದ್ದರು.

ಹಂಚಿಕೆಯ ಕಣ್ಣಿನಿಂದ ನೋಡಿದರೆ ಈ ದಾರಿಯ ತೊಡಕು ಗೊತ್ತಾಗುತ್ತದೆ. ಸೇವೆಗಳ ಮೂಲಕ ಬಂದ ಬೆಳವಣಿಗೆಯ ಲಾಭ ಬಹುವಾಗಿ ನಗರದ ಉಳ್ಳವರಿಗೆ ಸಂದಿತು ಎಂದು ಫ್ಯಾನ್, ಪೀಟರ್ಸ್, ಜಿಲಿಬೊಟ್ಟಿ ಅವರ 2023ರ ಅಧ್ಯಯನ ಹೇಳುತ್ತದೆ.

ನಾಲ್ಕನೆಯ ವಾದ: ಫ್ಯಾಕ್ಟರಿ ಗೇಟಿನ ಒಳಗೆ

ಮೇಲಿನ ಮೂರೂ ವಾದಗಳಲ್ಲಿ ಒಂದು ಗ್ರಹಿಕೆ ಸಮಾನ: ಉತ್ಪಾದಕತೆ ಏರಿದರೆ ಕೂಲಿಯೂ ತಾನಾಗಿ ಏರುತ್ತದೆ. ಕಳೆದ ಹದಿನೈದು ವರ್ಷಗಳಲ್ಲಿ ಕೆಲವು ಸಂಶೋಧಕರು ಗೇಟಿನೊಳಕ್ಕೆ ಹೋಗಿ ಇದನ್ನು ಪರೀಕ್ಷಿಸಿದ್ದಾರೆ.

ಮುಂಬೈ ಸಮೀಪದ ಬಟ್ಟೆ ಗಿರಣಿಗಳಲ್ಲಿ ನಿಕೋಲಸ್ ಬ್ಲೂಮ್ ತಂಡ ನಡೆಸಿದ ಪ್ರಯೋಗ 2013ರಲ್ಲಿ ಪ್ರಕಟವಾಯಿತು. ನೂಲಿನ ದಾಸ್ತಾನಿಗೆ ಚೀಟಿಯಿಲ್ಲ, ಮಗ್ಗ ಏಕೆ ನಿಂತಿತೆಂಬ ದಾಖಲೆಯಿಲ್ಲ, ನೆಲದ ಮೇಲೆ ಹತ್ತಿಯ ಧೂಳು, ಬಿದ್ದ ಉಪಕರಣ. ಹೊಸ ಯಂತ್ರವೇನೂ ತರದೆ ಲೆಕ್ಕ ಇಡುವುದು, ಓರಣ ಮಾಡುವುದು, ದಿನಕ್ಕೊಂದು ಸಭೆ ಇಷ್ಟನ್ನೇ ಕಲಿಸಿದ್ದಕ್ಕೆ ಮೊದಲ ವರ್ಷವೇ ಉತ್ಪಾದಕತೆ ಶೇ 17 ಏರಿತು. ಮಾಲೀಕರು ಮೊದಲೇ ಏಕೆ ಮಾಡಿರಲಿಲ್ಲ? ಕೆಲವರಿಗೆ ಗೊತ್ತಿರಲಿಲ್ಲ. ಇನ್ನು ಕೆಲವರಿಗೆ ಮನೆತನದ ಹೊರಗಿನವರ ಕೈಗೆ ಅಧಿಕಾರ ಕೊಡಲು ಧೈರ್ಯವಿರಲಿಲ್ಲ.

ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಅಚ್ಯುತ ಅಧ್ವರ್ಯು, ನಮ್ರತಾ ಕಾಲಾ, ಅನಂತ್ ನ್ಯಶಾಧಮ್ ಮಾಡಿದ ಅಧ್ಯಯನ ಇನ್ನೂ ಹರಿತವಾದದ್ದು. ಲೈನಿನಲ್ಲಿ ಟೈಲರ್ ಆಗಿ ಕೂರುವ ಹೆಣ್ಣುಮಕ್ಕಳಿಗೆ ಗಂಟೆಗೆ ಇಷ್ಟು ಪೀಸ್ ಎಂಬ ‘ಪ್ರೊಡಕ್ಷನ್’ ಟಾರ್ಗೆಟ್ ಇರುತ್ತದೆ. ಅವರಿಗೆ ಮಾತುಕತೆ, ಸಮಯ ನಿರ್ವಹಣೆ, ಹಣದ ಲೆಕ್ಕಾಚಾರ, ಸೂಪರ್‌ವೈಸರ್ ಜೊತೆ ಹಿಂಜರಿಯದೆ ಸಮಸ್ಯೆ ಹೇಳಿಕೊಳ್ಳುವ ಬಗೆ ಇಂಥವನ್ನು ಕೆಲ ತಿಂಗಳು ಕಲಿಸಲಾಯಿತು. ತರಬೇತಿ ಪಡೆದವರ ಉತ್ಪಾದಕತೆ ಎರಡಂಕಿಯ ಪ್ರಮಾಣದಲ್ಲಿ ಏರಿತು. ಕಂಪನಿಗೆ ಹಾಕಿದ ಹಣದ ಮೇಲೆ ಶೇ 250ಕ್ಕೂ ಹೆಚ್ಚು ಲಾಭ ಬಂತು. ಹೆಣ್ಣುಮಕ್ಕಳ ವೇತನ ಏರಿದ್ದು ಸುಮಾರು ಶೇ 0.5.

ಈ ಒಂದು ಅಂತರ ಇಡೀ ಚರ್ಚೆಯ ನಡುಮಧ್ಯದಲ್ಲಿ ನಿಲ್ಲುತ್ತದೆ. ಒಂದು ಕಾರ್ಖಾನೆ ಬಿಟ್ಟು ಇನ್ನೊಂದಕ್ಕೆ ಹೋದರೂ ಸಿಗುವುದು ಕನಿಷ್ಠ ವೇತನದ ಆಜುಬಾಜಿನ ಸಂಬಳವೇ ಆದರೆ, ಮನೆಯ ಹತ್ತಿರವೇ ಕೆಲಸ ಬೇಕೆಂಬ ಒತ್ತಡವೂ ಇದ್ದರೆ, ಕಲಿತ ಕೌಶಲದ ಬೆಲೆ ಕಲಿತವಳ ಕೈಗೆ ಬರುವುದಿಲ್ಲ. ಪ್ರಭಾತ್ ಪಟ್ನಾಯಕ್, ಜಯತಿ ಘೋಷ್, ಸಿ.ಪಿ. ಚಂದ್ರಶೇಖರ್ ಮೊದಲಾದ ಎಡಪಂಥೀಯ ಅರ್ಥಶಾಸ್ತ್ರಜ್ಞರು ಬಹುಕಾಲದಿಂದ ಹೇಳುತ್ತ ಬಂದದ್ದೂ ಇದನ್ನೇ: ಚೌಕಾಸಿಯ ಬಲವಿಲ್ಲದಲ್ಲಿ ಕೂಲಿ ಏರದು, ಕೂಲಿ ಏರದಿದ್ದರೆ ಬೇಡಿಕೆ ಹುಟ್ಟದು, ಬೇಡಿಕೆಯಿಲ್ಲದೆ ಖಾಸಗಿ ಹೂಡಿಕೆ ಬಾರದು. 2019ರ ಸೆಪ್ಟೆಂಬರಿನಲ್ಲಿ ಕಂಪನಿ ತೆರಿಗೆಯನ್ನು ಶೇ 30ರಿಂದ 22ಕ್ಕೆ ಇಳಿಸಿದರೂ ನಿರೀಕ್ಷಿಸಿದ ಹೂಡಿಕೆ ಬರಲಿಲ್ಲ ಎಂಬುದನ್ನು ಅವರು ಎತ್ತಿ ತೋರಿಸುತ್ತಾರೆ. ಕೂಲಿ ಏರಿದರೆ ಜಾಗತಿಕ ಬ್ರಾಂಡುಗಳು ಆರ್ಡರನ್ನು ಬೇರೆ ದೇಶಕ್ಕೆ ಒಯ್ಯುತ್ತವೆ ಎಂಬ ಆಕ್ಷೇಪಕ್ಕೆ ಅವರಲ್ಲೂ ಸಿದ್ಧ ಉತ್ತರವಿಲ್ಲ.

ಸಂಘವಿಲ್ಲದವರ ಬಲವೂ ಒಮ್ಮೊಮ್ಮೆ ಬೀದಿಯಲ್ಲಿ ಕಾಣುತ್ತದೆ. 2016ರ ಏಪ್ರಿಲ್‌ನಲ್ಲಿ ಭವಿಷ್ಯ ನಿಧಿಯ ಹಣ ತೆಗೆಯುವ ನಿಯಮ ಬಿಗಿಯಾದಾಗ ಸಾವಿರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಬೆಂಗಳೂರಿನ ರಸ್ತೆಗಿಳಿದು ಹೊಸೂರು ರಸ್ತೆ ತಡೆದರು. ಕೇಂದ್ರ ಸರ್ಕಾರ ನಿಯಮ ಹಿಂತೆಗೆದುಕೊಂಡಿತು.

ಊರು ಯಾವುದು ಎಂಬ ಪ್ರಶ್ನೆ

ವ್ಯಕ್ತಿಗಳ ನಡುವಿನ ಹಂಚಿಕೆಯಷ್ಟೇ ತೀವ್ರವಾದದ್ದು ಪ್ರದೇಶಗಳ ನಡುವಿನದು. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿ ಕರ್ನಾಟಕದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದಿತು; ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿಯ ವಿಶೇಷ ಯೋಜನೆ ಶಿಫಾರಸಾಯಿತು. ಕಲ್ಯಾಣ ಕರ್ನಾಟಕಕ್ಕೆ 371(ಜೆ) ವಿಧಿಯ ವಿಶೇಷ ಸ್ಥಾನವೂ ಬಂತು. ಇಷ್ಟಾದರೂ ಬೆಂಗಳೂರು ನಗರ ಜಿಲ್ಲೆಯ ತಲಾ ಆದಾಯ ಕಲಬುರಗಿಯ ಸುಮಾರು ಐದು ಪಟ್ಟು. ರಾಜ್ಯದ ಒಟ್ಟು ಉತ್ಪನ್ನದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಆ ಒಂದೇ ಜಿಲ್ಲೆಯದು. ಶಕ್ತಿನಗರದ ವಿದ್ಯುತ್ ಸ್ಥಾವರದಿಂದ ರಾಜ್ಯಕ್ಕೆಲ್ಲ ವಿದ್ಯುತ್ ಕೊಡುವ ರಾಯಚೂರಿನ ಜನ ಬೇಸಿಗೆ ಬಂದರೆ ಬೆಂಗಳೂರಿಗೆ ಗುಳೆ ಹೋಗುತ್ತಾರೆ.

ನಗರಗಳಲ್ಲಿ ಜನ, ಬಂಡವಾಳ ಒಟ್ಟುಗೂಡಿದಷ್ಟೂ ಉತ್ಪಾದಕತೆ ಏರುತ್ತದೆ, ಆದ್ದರಿಂದ ಜನರೇ ನಗರಕ್ಕೆ ಬರಲಿ ಎಂದು ಒಂದು ಪಕ್ಷ. ಬಂದವರಿಗೆ ಮನೆ, ನೀರು, ಪಡಿತರ ಎಲ್ಲಿ, ಹಳ್ಳಿಗೆ ಉಳಿಯುವುದೇನು ಎಂದು ಇನ್ನೊಂದು. ಇದೇ ಜಗಳ ರಾಜ್ಯಗಳ ನಡುವೆಯೂ ಇದೆ. ಕೇಂದ್ರ ತೆರಿಗೆಯಲ್ಲಿ ಕರ್ನಾಟಕದ ಪಾಲು 14ನೇ ಹಣಕಾಸು ಆಯೋಗದಲ್ಲಿ ಶೇ 4.713 ಇದ್ದದ್ದು 15ನೆಯದರಲ್ಲಿ ಶೇ 3.647ಕ್ಕೆ ಇಳಿದಾಗ ಬೆಂಗಳೂರಿನಿಂದ ಎದ್ದ ದನಿ ‘ದುಡಿದವರಿಗೇ ಶಿಕ್ಷೆಯೇ?’ ಎಂದು. ಬಿಹಾರ ದೆಹಲಿಯ ಮುಂದೆ ಇಡುವ ವಾದವನ್ನೇ ಕಲಬುರಗಿ ಬೆಂಗಳೂರಿನ ಮುಂದೆ ಇಡುತ್ತದೆ ಎಂಬುದನ್ನು ಆಗ ಯಾರೂ ಹೆಚ್ಚು ಚರ್ಚಿಸಲಿಲ್ಲ.

ಭೂಮಿಯ ವಿಷಯದಲ್ಲಿ ಎರಡೂ ಪಕ್ಷಗಳು ಮುಖಾಮುಖಿಯಾದದ್ದು ದೇವನಹಳ್ಳಿಯಲ್ಲಿ. ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆಯನ್ನು ಕೈಗಾರಿಕೆಗೆ ಸ್ವಾಧೀನಪಡಿಸಿಕೊಳ್ಳುವ ಪ್ರಸ್ತಾವವನ್ನು ಮೂರು ವರ್ಷಕ್ಕೂ ಮೀರಿದ ರೈತರ ಧರಣಿಯ ನಂತರ 2025ರ ಜುಲೈನಲ್ಲಿ ರಾಜ್ಯ ಸರ್ಕಾರ ಕೈಬಿಟ್ಟಿತು. ತರಕಾರಿ, ಹೂವು, ರೇಷ್ಮೆ, ಹಾಲು ಕೊಡುವ ನೆಲ ‘ಕಡಿಮೆ ಉತ್ಪಾದಕ’ ಎಂದು ತೀರ್ಮಾನಿಸುವ ಅಧಿಕಾರ ಯಾರದು ಎಂಬುದೇ ಅಲ್ಲಿನ ರೈತರ ಪ್ರಶ್ನೆಯಾಗಿತ್ತು.

ಖಾತೆಗೆ ಬರುವ ಹಣ

ಮೊದಲೆರಡು ಘಟ್ಟಗಳ ಹಂಚಿಕೆ ಕಷ್ಟವಾದಂತೆ ಮೂರನೆಯದು ಹಿಗ್ಗಿತು. 2023ರಲ್ಲಿ ಕರ್ನಾಟಕ ತಂದ ಐದು ಗ್ಯಾರಂಟಿಗಳಿಗೆ ವರ್ಷಕ್ಕೆ ಸುಮಾರು 52,000 ಕೋಟಿ ರೂಪಾಯಿ ಬೇಕು. ಅದೇ ವರ್ಷ ಮಧ್ಯಪ್ರದೇಶದಲ್ಲೂ ನಂತರ ಮಹಾರಾಷ್ಟ್ರದಲ್ಲೂ, ಬೇರೆ ಪಕ್ಷದ ಸರ್ಕಾರಗಳಿದ್ದಲ್ಲೂ, ಮಹಿಳೆಯರ ಖಾತೆಗೆ ಹಣ ಹಾಕುವ ಯೋಜನೆ ಸಾಮಾನ್ಯವಾಯಿತು. ರಸ್ತೆ, ನೀರಾವರಿಗೆ ಹೋಗಬೇಕಾದ ಹಣ ಬಳಕೆಗೆ ಹೋಗುತ್ತಿದೆ ಎಂಬುದು ಟೀಕೆ. ಈ ಗ್ಯಾರಂಟಿಗಳಲ್ಲೊಂದಾದ ಗೃಹಲಕ್ಷ್ಮಿಯ 2,000 ರೂಪಾಯಿ ಮೇಕೆ, ಹೊಲಿಗೆ ಯಂತ್ರ, ಮಗಳ ಶುಲ್ಕವಾಗುತ್ತದೆ, ಇನ್ನೊಂದಾದ ಶಕ್ತಿ ಯೋಜನೆಯ ಉಚಿತ ಬಸ್ಸು ಕೆಲಸ ಹುಡುಕುವ ಹರವನ್ನು ಹೆಚ್ಚಿಸುತ್ತದೆ ಎಂಬುದು ಸಮರ್ಥನೆ.

ಎರಡರಲ್ಲೂ ಸತ್ಯಾಂಶವಿದೆ. ಆದರೆ ಎಲ್ಲ ವರ್ಗಾವಣೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಎಂಬುದಕ್ಕೆ ಉದ್ಯೋಗ ಖಾತರಿ ಒಳ್ಳೆಯ ಪಾಠ. ಆಂಧ್ರಪ್ರದೇಶದಲ್ಲಿ ನರೇಗಾ ಕೂಲಿ ಸೋರದಂತೆ ಕಾರ್ಡಿನ ಮೂಲಕ ಪಾವತಿಸಿದಾಗ ಬಡವರ ಆದಾಯ ಏರಿತು. ಏರಿಕೆಯ ಬಹುಪಾಲು ನರೇಗಾದಿಂದಲ್ಲ, ಹೊರಗಿನ ಕೂಲಿಯ ದರ ಮತ್ತು ಕೆಲಸ ಹೆಚ್ಚಿದ್ದರಿಂದ ಬಂದದ್ದು ಎಂದು ಕಾರ್ತಿಕ್ ಮುರಳೀಧರನ್, ಪಾಲ್ ನೀಹಾಸ್, ಸಂದೀಪ್ ಸುಖ್ತಂಕರ್ ತೋರಿಸಿದರು. ಉತ್ಪಾದನೆಯ ನಂತರದ ಹಂಚಿಕೆಯಂತೆ ಕಂಡದ್ದು ಕೂಲಿಕಾರನ ಚೌಕಾಸಿ ಬಲವನ್ನು ಹೆಚ್ಚಿಸಿತ್ತು. 2025ರ ಡಿಸೆಂಬರಿನಲ್ಲಿ ಸಂಸತ್ತು ನರೇಗಾ ಬದಲಿಗೆ ಹೊಸ ಕಾಯ್ದೆ ತಂದು ದಿನಗಳನ್ನು 100ರಿಂದ 125ಕ್ಕೆ ಏರಿಸಿತು, ಬಹುತೇಕ ರಾಜ್ಯಗಳ ಹೆಗಲಿಗೆ ಖರ್ಚಿನ ಶೇ 40 ಹೊರಿಸಿತು. ಬಡ ರಾಜ್ಯಗಳು ಇದನ್ನು ಹೊತ್ತಾವೇ ಎಂಬುದರ ಮೇಲೆ ಆ ಬಲ ಉಳಿಯುವುದೋ ಕರಗುವುದೋ ನಿಂತಿದೆ.

ಇತ್ಯರ್ಥವಾಗದ ಪ್ರಶ್ನೆಗಳು

ಮೊದಲನೆಯದು ಅಳತೆಯ ಪ್ರಶ್ನೆ. 2011-12ರಿಂದ 2022-23ರ ನಡುವೆ ಕಡುಬಡತನ ಆಗಿನ ಬಡತನ ರೇಖೆಯ ಪ್ರಕಾರ ಶೇ 16.2ರಿಂದ 2.3ಕ್ಕೆ ಇಳಿಯಿತು ಎಂದು 2025ರಲ್ಲಿ ವಿಶ್ವ ಬ್ಯಾಂಕು ಹೇಳಿತ್ತು. ಅದೇ 2022-23ರಲ್ಲಿ ಆದಾಯದ ಶೇ 22.6 ಮೇಲಿನ ಶೇ 1ರಷ್ಟು ಜನರ ಕೈಸೇರಿತು ಎನ್ನುತ್ತದೆ ತೋಮಾ ಪಿಕೆಟ್ಟಿ ಮತ್ತು ಸಂಗಡಿಗರ ಲೆಕ್ಕ. ಒಂದು ಅಳೆಯುವುದು ಕೆಳಗಿನವರ ಬಳಕೆಯನ್ನು, ಇನ್ನೊಂದು ಮೇಲಿನವರ ಆದಾಯವನ್ನು. ಎರಡೂ ಏಕಕಾಲಕ್ಕೆ ನಿಜವಾಗಿರಬಹುದು. 2017-18ರ ಬಳಕೆ ಸಮೀಕ್ಷೆಯನ್ನು ಸರ್ಕಾರ ತಡೆಹಿಡಿದದ್ದರಿಂದ ನಡುವಿನ ವರ್ಷಗಳ ಚಿತ್ರ ಮಸುಕಾಗಿಯೇ ಇದೆ.

ಎರಡನೆಯದು ಕೆಲಸದ್ದು. ಯಂತ್ರಮಾನವ, ಕೃತಕ ಬುದ್ಧಿಮತ್ತೆ ಬರುತ್ತಿರುವಾಗ ಹೊಲ ಬಿಟ್ಟವರನ್ನು ಕಾರ್ಖಾನೆಯೂ ಸೇವಾ ವಲಯವೂ ಹೀರಿಕೊಳ್ಳದಿದ್ದರೆ ಮುಂದೇನು? ಕೃಷಿಯಲ್ಲೇ ಉತ್ಪಾದಕತೆ ಏರಿಸುವ ಬ್ರಹ್ಮಾನಂದರ ಹಳೆಯ ದಾರಿ ಈ ಕಾರಣಕ್ಕೆ ಮತ್ತೆ ಪರಿಶೀಲನೆಗೆ ಯೋಗ್ಯವಾಗಿದೆ. ಕುಸಿಯುತ್ತಿರುವ ಅಂತರ್ಜಲದಲ್ಲಿ ಅದು ಸಾಧ್ಯವೇ ಎಂಬುದು ಅದರ ಬೆನ್ನಿಗಿರುವ ಪ್ರಶ್ನೆ.

ಮೂರನೆಯದು ಹಣದ್ದು. ಸೊತ್ತಿನ ಮೇಲಿನ ತೆರಿಗೆ 2015ರಲ್ಲಿ, ವಾರಸಾ ತೆರಿಗೆ 1985ರಲ್ಲಿ ರದ್ದಾದವು. ಜಿಎಸ್‌ಟಿಯಂಥ ಪರೋಕ್ಷ ತೆರಿಗೆ ಬಡವನೂ ಕಟ್ಟುವಂಥದು. ಮೇಲಿನವರಿಂದ ಹೆಚ್ಚು ಪಡೆದರೆ ಬಂಡವಾಳ ಹೊರಗೆ ಓಡುತ್ತದೆಯೇ, ಇಲ್ಲೇ ಉಳಿಯುತ್ತದೆಯೇ ಎಂಬುದಕ್ಕೆ ಭಾರತದಿಂದಲೇ ಸಿಕ್ಕ ಗಟ್ಟಿ ಪುರಾವೆ ಇನ್ನೂ ಇಲ್ಲ.

ನಾಲ್ಕನೆಯದು ಎಲ್ಲಕ್ಕಿಂತ ಕಡಿಮೆ ಚರ್ಚೆಯಾಗಿರುವುದು. ಯಾವ ಸುಧಾರಣೆಯಿಂದ ಉತ್ಪಾದಕತೆ ಏರುತ್ತದೆ ಎಂಬುದು ಈಗ ಸಾಕಷ್ಟು ಗೊತ್ತು: ಬೇಡದ ನಿರ್ಬಂಧ ತೆಗೆಯುವುದು, ಕಲಿಸುವುದು, ಕಾರ್ಖಾನೆಯನ್ನು ನೆಟ್ಟಗೆ ನಡೆಸುವುದು, ಒಕ್ಕಲಿಗೆ ಭದ್ರತೆ ಕೊಡುವುದು. ಏರಿದ್ದರಲ್ಲಿ ದುಡಿದವರಿಗೆ ಪಾಲು ಮುಟ್ಟಿಸುವ ಸಂಸ್ಥೆ ಯಾವುದು ಎಂಬುದು ಗೊತ್ತಿಲ್ಲ. ಒಕ್ಕಲಿಗೆ ಅದು ಭೂ ನ್ಯಾಯಮಂಡಳಿಯಾಗಿತ್ತು, ಸಾರ್ವಜನಿಕ ಉದ್ಯಮದ ನೌಕರನಿಗೆ ಕಾರ್ಮಿಕ ಸಂಘವಾಗಿತ್ತು. ಗುತ್ತಿಗೆಯ ಟೈಲರ್‌ಗೆ, ಆ್ಯಪ್ ನೋಡಿ ಊಟ ತಲುಪಿಸುವ ಹುಡುಗನಿಗೆ, ಸಂಬಳವಿಲ್ಲದೆ ಹೊಲದಲ್ಲಿ ದುಡಿಯುವ ಹೆಂಗಸಿಗೆ ಅಂಥದ್ದೊಂದು ಇಲ್ಲ. ಅದು ಕಾನೂನಿನಿಂದ ಬರಬೇಕೋ, ಸಂಘಟನೆಯಿಂದಲೋ, ಕೆಲಸಗಾರರಿಗಾಗಿ ಮಾಲೀಕರೇ ಪೈಪೋಟಿಗಿಳಿಯುವಷ್ಟು ಉದ್ಯೋಗ ಸೃಷ್ಟಿಯಾಗುವುದರಿಂದಲೋ ಎಂಬ ಬಗ್ಗೆ ಈ ನಾಲ್ಕು ಪಂಥಗಳಲ್ಲಿ ಒಮ್ಮತವಿಲ್ಲ. ಅಲ್ಲಿಯವರೆಗೆ ಖಾತೆಗೆ ಬೀಳುವ ಹಣವೇ ಆ ಸಂಸ್ಥೆಯ ಬದಲಿಗೆ ಕೆಲಸ ಮಾಡುತ್ತಿರುತ್ತದೆ. ಪ್ರತಿ ಚುನಾವಣೆಯಲ್ಲಿ ಅದರ ಮೊತ್ತವೂ ಏರುತ್ತಿರುತ್ತದೆ.